ರಾಣಿಬಾಗಿನಲ್ಲಿ ಜನ ಏನನ್ನು ನೋಡಬೇಕು: ಪೆಂಗ್ವಿನ್ನನ್ನೋ, ಕತ್ತೆಕಿರುಬವನ್ನೋ?

ಡೊಂಬಿವಲಿಯ ಶಿಕ್ಷಕಿ:
ನಮ್ಮ ಶಾಲೆಯ ಮಕ್ಕಳನ್ನು ಮುಂಬಯಿಯ ಬೈಕಲಾದ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನಕ್ಕೆ, ಅಂದರೆ ನಾವೆಲ್ಲ ರಾಣಿಬಾಗ್ ಎನ್ನುವ ಮೃಗಾಲಯಕ್ಕೆ, ಕರೆದೊಯ್ಯುವಾಗಲೆಲ್ಲ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಪೆಂಗ್ವಿನ್‌ಗಳನ್ನು ನೋಡಲು ಅವರು ಎಷ್ಟು ಹೊತ್ತಾದರೂ ಸಾಲಿನಲ್ಲಿ ನಿಲ್ಲುತ್ತಾರೆ. ಕತ್ತೆಕಿರುಬದ ಮುಂದೆ ಒಂದು ನಿಮಿಷವೂ ನಿಲ್ಲುವುದಿಲ್ಲ. ಮಹಾರಾಷ್ಟ್ರ, ಕರ್ನಾಟಕಗಳ ಬಯಲುಗಳಲ್ಲಿ ಬದುಕುವ ಪ್ರಾಣಿಯೇ ಮಕ್ಕಳಿಗೆ ಅಪರಿಚಿತವಾಗಿ ಉಳಿಯುವುದಾದರೆ ಮೃಗಾಲಯದ ಉದ್ದೇಶವೇನು? ಹೊರದೇಶದ ಪ್ರಾಣಿಗಳನ್ನು ಇನ್ನು ತರಬಾರದು, ಆ ಹಣವನ್ನು ನಮ್ಮ ಪ್ರಾಣಿಗಳ ಆವರಣಗಳಿಗೆ ಬಳಸಬೇಕು ಎಂಬುದು ನನ್ನ ಅಭಿಪ್ರಾಯ.

ಮುಲುಂಡ್‌ನ ಲೆಕ್ಕಪರಿಶೋಧಕ:
ಟೀಚರ್, ನಿಮ್ಮ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಒಪ್ಪಲಾರೆ. ಪೆಂಗ್ವಿನ್‌ಗಳು ಬಂದ ಮೇಲೆಯೇ, 2017ರಲ್ಲಿ, ದೊಡ್ಡವರ ಪ್ರವೇಶ ಶುಲ್ಕ 5 ರೂಪಾಯಿಯಿಂದ 50 ರೂಪಾಯಿಗೆ ಏರಿತು. ಹಾಗಿದ್ದೂ ಜನಸಂದಣಿ ತಗ್ಗಲಿಲ್ಲ. ವಿಮಾನ ಹತ್ತಿ ಬೇರೆ ದೇಶ ನೋಡುವ ಅನುಕೂಲವಿಲ್ಲದ ಕುಟುಂಬವೊಂದು ಲೋಕಲ್ ರೈಲಿನಲ್ಲಿ ಬಂದು ದೂರದ ಹಕ್ಕಿಯೊಂದನ್ನು ನೋಡುವುದರಲ್ಲಿ ತಪ್ಪೇನಿದೆ? ಜನರನ್ನು ಸೆಳೆಯುವ ಆಕರ್ಷಣೆ ಒಂದಿದ್ದರೆ ಉಳಿದ ಪ್ರಾಣಿಗಳ ಬಳಿಗೂ ಜನ ಬರುತ್ತಾರೆ.

ಪುಣೆಯ ಪಶುವೈದ್ಯ:
ಬರುತ್ತಾರೆ, ಆದರೆ ನಿಲ್ಲುವುದಿಲ್ಲ ಎಂಬುದೇ ಟೀಚರ್ ಅವರ ಮಾತು. ರಾಣಿಬಾಗಿನಲ್ಲಿರುವ ಹಂಬೋಲ್ಟ್ ಪೆಂಗ್ವಿನ್ ಹಿಮನಾಡಿನ ಹಕ್ಕಿಯಲ್ಲ, ಪೆರು ಮತ್ತು ಚಿಲಿ ದೇಶಗಳ ಕರಾವಳಿಯದು; ತಂಪಾದ ಸಮುದ್ರ ಪ್ರವಾಹವನ್ನು ನೆಚ್ಚಿ ಬದುಕುವಂಥದ್ದು. ಅದಕ್ಕಾಗಿಯೇ ಮುಂಬಯಿಯ ಸೆಕೆಯ ನಡುವೆ ಅವುಗಳ ಕೋಣೆಯನ್ನು ವರ್ಷವಿಡೀ ಸುಮಾರು 16ರಿಂದ 18 ಡಿಗ್ರಿಯಲ್ಲಿ ಇಡಬೇಕಾಗುತ್ತದೆ. 2016ರ ಜುಲೈನಲ್ಲಿ ದಕ್ಷಿಣ ಕೊರಿಯದ ಸೋಲ್ ನಗರದಿಂದ ಎಂಟು ಹಕ್ಕಿಗಳು ಬಂದವು. ಅಕ್ಟೋಬರ್‌ನಲ್ಲಿಯೇ ಒಂದು ಸತ್ತಿತು. 2018ರ ಆಗಸ್ಟ್ 15ರಂದು ಹುಟ್ಟಿದ ಮೊದಲ ಮರಿ ಸುಮಾರು ಒಂದು ವಾರವಷ್ಟೇ ಬದುಕಿತು. ಆಮೇಲೆ ಮರಿಗಳು ಹುಟ್ಟಿ ಬೆಳೆದಿವೆ, ಪಾಲಕರ ಶ್ರಮ ದೊಡ್ಡದು, ಅದನ್ನು ಅಲ್ಲಗಳೆಯಲಾರೆ.

ನನ್ನ ಆಕ್ಷೇಪ ಆಕರ್ಷಣೆಗಾಗಿಯೇ ಪ್ರಾಣಿಯನ್ನು ಆರಿಸುವ ಕ್ರಮದ ಬಗ್ಗೆ. ನಮ್ಮ ಕಾತ್ರಜ್‌ನ ರಾಜೀವ ಗಾಂಧಿ ಪ್ರಾಣಿಸಂಗ್ರಹಾಲಯಕ್ಕೆ ಬರುವವರು ಮೊದಲು ಕೇಳುವುದು ಬಿಳಿ ಹುಲಿ ಎಲ್ಲಿದೆ ಎಂದು. ಅದು ಬೇರೆ ಜಾತಿಯ ಹುಲಿಯಲ್ಲ. 1951ರಲ್ಲಿ ಇಂದಿನ ಮಧ್ಯಪ್ರದೇಶದ ರೇವಾದ ಕಾಡಿನಲ್ಲಿ ಸೆರೆಸಿಕ್ಕ ಮೋಹನ್ ಎಂಬ ಗಂಡು ಮರಿಯ ವಂಶವನ್ನು ರಕ್ತಸಂಬಂಧದೊಳಗೇ ಕೂಡಿಸಿ ಕೂಡಿಸಿ ಬೆಳೆಸಲಾಯಿತು. ಮೆಳ್ಳಗಣ್ಣಿನಂಥ ದೋಷಗಳು ಅದರೊಂದಿಗೇ ಬಂದವು. ಜನ ಕೇಳುತ್ತಾರೆ ಎಂಬ ಒಂದೇ ಕಾರಣಕ್ಕೆ ಅದನ್ನು ಸಾಕುತ್ತಾ ಹೋಗುವುದು ನನಗೆ ಸರಿಯೆನಿಸುವುದಿಲ್ಲ.

ಮಾಟುಂಗಾದ ನಿವೃತ್ತರು:
ಶುಲ್ಕದ ಮಾತು ಬಂದದ್ದರಿಂದ ಹೇಳುತ್ತೇನೆ. ಲಾಲ್‌ಬಾಗ್, ಪರೇಲ್‌ಗಳ ಗಿರಣಿ ಕಾರ್ಮಿಕರ ಮನೆಮಂದಿ ಭಾನುವಾರ ಬುತ್ತಿ ಕಟ್ಟಿಕೊಂಡು ಬಂದು ಮರದ ನೆರಳಿನಲ್ಲಿ ಕೂರುತ್ತಿದ್ದ ಜಾಗ ರಾಣಿಬಾಗ್; ಅಂಥವರಿಗೆ ಶುಲ್ಕ ಹೊರೆಯಾಗಬಾರದು. ಹತ್ತೊಂಬತ್ತನೆಯ ಶತಮಾನದ ಅರುವತ್ತರ ದಶಕದಲ್ಲಿ ಸಸ್ಯೋದ್ಯಾನವಾಗಿ ಆರಂಭವಾದ ಅಲ್ಲಿ ಬಾವೊಬಾಬ್ ಇದೆ, ನಾಗಲಿಂಗವಿದೆ. ಅವುಗಳ ಬಗ್ಗೆ ಇಲ್ಲಿ ಇನ್ನೂ ಯಾರೂ ಮಾತೆತ್ತಿಲ್ಲ. ಹೊಸ ಆಕರ್ಷಣೆಗಾಗಿ ಒಂದೂ ಹಳೆಯ ಮರ ಉರುಳಬಾರದು.

ವಾಶಿಯಲ್ಲಿರುವ ಮಂಗಳೂರಿನವರು:
ಸ್ಥಳೀಯ ಪ್ರಾಣಿಗಳಿಂದ ಜನರನ್ನು ಸೆಳೆಯಲಾಗದು ಎಂಬ ಊಹೆಯೇ ಪರಿಶೀಲನೆಗೆ ನಿಲ್ಲುವುದಿಲ್ಲ. ನಮ್ಮ ಪಿಲಿಕುಳ ಮೃಗಾಲಯ ಹೆಸರಾದದ್ದು ಪಶ್ಚಿಮ ಘಟ್ಟದ ಕಾಳಿಂಗ ಸರ್ಪಗಳಿಂದ. ಅಲ್ಲಿ ಅವುಗಳ ಮರಿಗಳನ್ನು ಮೊಟ್ಟೆಯೊಡೆಸಿ ಬೆಳೆಸಿದ್ದಾರೆ. ಗೋವಾದ ಬೋಂಡ್ಲಾ ಮೃಗಾಲಯ ಚಿಕ್ಕದು, ಅದಿರುವ ಅಭಯಾರಣ್ಯವೇ 8 ಚದರ ಕಿಲೋಮೀಟರಿನಷ್ಟು. ಆದರೂ ಕಾಡಿನೊಳಗೆ ಕಾಡುಕೋಣವನ್ನು ನೋಡುವ ಅನುಭವಕ್ಕೆ ಜನ ಹೋಗುತ್ತಾರೆ.

ಮುಲುಂಡ್‌ನ ಲೆಕ್ಕಪರಿಶೋಧಕ:
ಕಾಳಿಂಗಕ್ಕೆ ಹೆಸರೇ ಸಾಕು. ಹಗಲೆಲ್ಲ ಮಲಗುವ ಕತ್ತೆಕಿರುಬವನ್ನು ಮಕ್ಕಳಿಗೆ ಹೇಗೆ ತೋರಿಸುತ್ತೀರಿ?

ಪುಣೆಯ ಪಶುವೈದ್ಯ:
ಅದು ನಿಶಾಚರಿ ಎಂಬುದು ನಿಜ. ಹಗಲಿಡೀ ಗಾಜು ಬಡಿದು ಎಬ್ಬಿಸಲು ನೋಡುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಮಿನ ಪ್ರಕಾರ ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಗದ್ದಲದಿಂದ ಕಾಡುವುದು, ತಿನಿಸು ಎಸೆಯುವುದು ಅಪರಾಧ. ಅದರ ಬದಲು ಆವರಣದಲ್ಲಿ ಮೂಳೆಗಳನ್ನು ಕಲ್ಲಿನ ಸಂದಿಗಳಲ್ಲಿ ಅಡಗಿಸಿಟ್ಟು, ಬೆಳಿಗ್ಗೆ ಬಿಸಿಲೇರುವ ಮೊದಲು ಅದನ್ನು ಹೊರಗೆ ಬಿಡಬಹುದು. ವಾಸನೆ ಹಿಡಿದು ಹುಡುಕುವುದು ಪ್ರಾಣಿಗೂ ಒಳ್ಳೆಯದು. ಆ ದವಡೆ ಮೂಳೆಯನ್ನು ಪುಡಿಮಾಡುವುದನ್ನು ಕಂಡ ಮಗು ಅಲ್ಲಿಂದ ಕದಲುವುದಿಲ್ಲ.

ಡೊಂಬಿವಲಿಯ ಶಿಕ್ಷಕಿ:
ಡಾಕ್ಟರ್, ಆ ಹೊತ್ತಿನಲ್ಲಿ ಪ್ರಾಣಿಪಾಲಕರೇ ಹತ್ತು ನಿಮಿಷ ಮಕ್ಕಳೊಡನೆ ಮಾತನಾಡುವಂತಾದರೆ ಇನ್ನೂ ಒಳ್ಳೆಯದು. ಪ್ರಾಣಿಯ ಸ್ವಭಾವವನ್ನು ಅವರಷ್ಟು ಬಲ್ಲವರು ಯಾರಿದ್ದಾರೆ? ಈಗಿರುವ ಪೆಂಗ್ವಿನ್‌ಗಳನ್ನು ಎಲ್ಲಿಗೂ ಕಳುಹಿಸಿ ಎಂದು ನಾನು ಹೇಳುತ್ತಿಲ್ಲ, ಅವು ಇಲ್ಲೇ ಚೆನ್ನಾಗಿ ಬಾಳಲಿ.

ಮುಲುಂಡ್‌ನ ಲೆಕ್ಕಪರಿಶೋಧಕ:
ಹೊರದೇಶದ ಪ್ರಾಣಿಗಳೇ ಬೇಡ ಎಂಬುದನ್ನು ಈಗಲೂ ಒಪ್ಪುವುದಿಲ್ಲ, ಟೀಚರ್. ಆದರೆ ಪಾಲಕರ ಮಾತಿನ ವೇಳೆಯನ್ನು ಗೊತ್ತುಪಡಿಸಬೇಕೆಂದು ಮಹಾನಗರಪಾಲಿಕೆಗೆ ಮನವಿ ಬರೆಯುವುದಾದರೆ ನನ್ನ ಸಹಿಯೂ ಇರಲಿ. ಶಾಲಾ ಮಕ್ಕಳಿಗೆ ಆ ದಿನ ಶುಲ್ಕವಿರಬಾರದು ಎಂಬ ಸಾಲನ್ನೂ ದಯವಿಟ್ಟು ಸೇರಿಸಿ.