ಪಿಕಪ್ ಕೂಲಂಟ್ ಕುಡಿಯಾಕತ್ತೈತಿ, ನೆಲದ ಮ್ಯಾಲ ಒಂದ ಹನಿ ಇಲ್ಲ

ಬಾಗೇವಾಡಿ ಕಾಯಿಪಲ್ಲೆ ಗಾಡಿ:
ನಮಸ್ಕಾರ್ರೀ ಎಲ್ಲಾರಿಗೂ. ನಂದು ಬಿಎಸ್6 ಡೀಸೆಲ್ ಪಿಕಪ್, 1 ಲಕ್ಷ 40 ಸಾವಿರ ಕಿಲೋಮೀಟರ್ ಓಡೇತಿ. ವಾರಕ್ಕ ಮೂರ ಸಲ ಬೆಳಗಾವಿಯಿಂದ ಕಾಯಿಪಲ್ಲೆ ತುಂಬಿಕೊಂಡು ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳದು ಗೋವಾಕ್ಕ ಹೋಗತೇನಿ. ಲೋಡ್ ಇದ್ದಾಗ ಇಳಿತ, ತಿರುಗಿ ಬರೂವಾಗ ಏರಿ, ಆವಾಗ ಗಾಡಿ ಖಾಲಿ.

ಎರಡ ತಿಂಗಳಾತು, ಕೂಲಂಟ್, ಅಂದ್ರ ಎಂಜಿನ್ ಆರಸೂ ನೀರು, ಕಮ್ಮಿ ಆಗಾಕತ್ತೈತಿ. ಮ್ಯಾಲಿನ ಗೆರಿ ತನಕ ಹಾಕಿದ್ರ ಮೂರ ಟ್ರಿಪ್ಪಿಗೆ ಕೆಳಗಿನ ಗೆರಿ ಮುಟ್ಟತೈತಿ. ಗಾಡಿ ತಳಗ ರಾತ್ರಿ ರಟ್ಟ ಹಾಸಿ ನೋಡಿದ್ನಿ, ಮುಂಜಾನೆ ರಟ್ಟ ಒಣಾನ. ಹೋಸ್ ಪೈಪು, ಕ್ಲಿಪ್ಪು ಒರಸಿ ನೋಡೇನಿ. ಡಿಪ್ ಸ್ಟಿಕ್ ಮ್ಯಾಲ ಆಯಿಲ್ ಕರೀನ ಐತಿ, ನೀರು ಕೂಡಿ ಮಜ್ಜಿಗಿ ಆಗಿಲ್ಲ. ಟೆಂಪರೇಚರ್ ಮುಳ್ಳು ಏರ್‍ಯಾಗೂ ನಡು ಬಿಟ್ಟು ಸರದಿಲ್ಲ.

ಮುಂಜಾನೆ ಸ್ಟಾರ್ಟ್ ಮಾಡಿದಾಗ ಎರಡ ನಿಮಿಷ ಬಿಳಿ ಹೊಗಿ ಬರತೈತಿ. ನಮ್ಮವ್ವ 'ಥಂಡಿ ಐತಿ, ನಿನ್ನ ಬಾಯಾಗಿಂದನೂ ಬರತೈತಿ ನೋಡು' ಅಂದ್ಳು, ನಾನೂ ಹೂಂ ಅಂದು ಬಿಟ್ಟಿದ್ನಿ.

ಬಾಟ್ಲ್ಯಾಗ ಒಂದೊಂದ ಗುಳ್ಳಿ ಏಳತಾವಂತ ಗ್ಯಾರೇಜಿನ್ಯಾಂವ 'ಎಂಜಿನ್ ಮ್ಯಾಲಿನ ಹೆಡ್ಡಿನ ತಳಗಿನ ಗ್ಯಾಸ್ಕೆಟ್ ಪಟ್ಟಿ ಹೋಗೇತಿ, ಹೆಡ್ ಬಿಚ್ಚೋಣು' ಅಂತಾನ. ಬಿಚ್ಚಿದ್ರ ನಾಕೈದ ದಿನ ಗಾಡಿ ನಿಂತಂಗ. ಬಿಚ್ಚೂಕಿಂತ ಮೊದಲ ಏನ ನೋಡಬೇಕ್ರೀ?

ಇಂಡಿ ನಿಂಬಿಹಣ್ಣು:
ಅಣ್ಣಾರ, ಒಂದ ಮುಟಗಿ ಅರಿಷಿಣಪುಡಿ ರೇಡಿಯೇಟರಿಗೆ ಹಾಕ್ರಿ. ನಮ್ಮಪ್ಪ ಹಳೇ ಜೀಪಿಗೆ ಹಾಕಿ ಸೋಲಾಪುರ ಮುಟ್ಟತಿದ್ದ.

ಜಮಖಂಡಿ ಮಿಸ್ತ್ರಿ:
ಅರಿಷಿಣ ಪಲ್ಲ್ಯಾಕ ಇರಲಿ ತಮ್ಮಾ. ಈಗಿನ ರೇಡಿಯೇಟರ್, ಹೀಟರ್ ಕೊಳವಿ ಭಾಳ ಸಣ್ಣವು. ಸೋರೂದು ನಿಲ್ಲೂದಿಲ್ಲ, ಕೂಲಂಟ್ ತಿರಗೂದು ನಿಲ್ಲತೈತಿ.

ಬಾಗೇವಾಡಿ ಅಣ್ಣಾರ, ಗುಳ್ಳಿ ನೋಡಿ ಹೆಡ್ಡಿಗೆ ಕೈ ಹಚ್ಚಬ್ಯಾಡ್ರಿ. ನಿಮ್ಮ ಗಾಡ್ಯಾಗ ಇಜಿಆರ್ ಕೂಲರ್ ಇರತೈತಿ. ಸುಟ್ಟ ಹೊಗಿ ಒಂದೀಟ ತಿರುಗಿ ಎಂಜಿನ್ ಒಳಗ ಹೋಗತೈತಲ್ಲ, ಅದನ್ನ ಮೊದಲ ಆರಸೂ ಡಬ್ಬಿ ಅದು. ಒಂದ ಕಡಿ ಹೊಗಿ, ಇನ್ನೊಂದ ಕಡಿ ಕೂಲಂಟ್, ನಡುವ ತೆಳ್ಳನ ತಗಡು. ತಗಡು ಸೀಳಿದ್ರ ಓಡೂವಾಗ ಹೊಗಿ ಕೂಲಂಟಿನಾಗ ನುಗ್ಗಿ ಗುಳ್ಳಿ ಏಳತಾವ, ಥೇಟ್ ಗ್ಯಾಸ್ಕೆಟ್ ಹೋದಂಗ. ಕೂಲಂಟಿನಾಗ ಹೊಗಿ ಇದ್ರ ಬಣ್ಣ ಬದಲಾಗೂ ನೀಲಿ ನೀರಿನ ಗ್ಯಾಸ್ ಟೆಸ್ಟಿಗೂ ಈ ಎರಡರ ಫರಕ ತಿಳಿಯೂದಿಲ್ಲ. ಗಾಡಿ ಬಂದ್ ಮಾಡಿದ್ರ ಹೊಗಿ ಒತ್ತಡ ಹೋತು, ಕೂಲಂಟ್ ಮಾತ್ರ ಬಿಸಿ ಇರೂತನಕ ಒತ್ತಡದಾಗ ಇರತೈತಿ. ಆವಾಗ ಅದು ಹೊಗಿ ಕಡೆ ಜಿನಗತೈತಿ, ಮುಂಜಾನೆ ಉಗಿ ಆಗಿ ಸೈಲೆನ್ಸರ್‌ದಿಂದ ಹೊರಗ. ಅದಕ್ಕ ನಿಮ್ಮ ರಟ್ಟ ಒಣಾ ಇರೂದು.

ಹಂಗಂತ ನೆಟ್ಟಗ ಅದಕ್ಕ ಹೋಗಬ್ಯಾಡ್ರಿ, ಅಗ್ಗದ್ದು ಮೊದಲ ನೋಡ್ರಿ. ಬಾಟ್ಲಿ ಮುಚ್ಚಳದ ರಬ್ಬರ್ ಹೋಗಿದ್ರ ಉಗಿಯಾಗಿ ಹೋಗತೈತಿ. ವಾಟರ್ ಪಂಪಿಗೆ ಒಂದ ಸಣ್ಣ ತೂತ ಇರತೈತಿ, ಅಲ್ಲಿಂದ ಬಂದ ಹನಿ ಬಿಸಿ ಎಂಜಿನ್ ಮ್ಯಾಲ ಆರಿ ನೆಲಾ ಮುಟ್ಟೂದಿಲ್ಲ, ಆದ್ರ ಉಪ್ಪು ಹತ್ತಿದಂಗ ಗುರುತು ಬಿಡತೈತಿ. ಹೀಟರ್ ಇದ್ರ ಒಳಗಿನ ಮ್ಯಾಟ್ ಎತ್ತಿ ಮೂಸಿ ನೋಡ್ರಿ, ಸಿಹಿ ವಾಸನಿ ಬರಬಾರದು.

ಇವೆಲ್ಲಾ ಚಲೋ ಇದ್ರ ಕೂಲರಿನ ಹೊಗಿ ಪೈಪ್ ಬಿಚ್ಚಿ ಒಳಗ ಬ್ಯಾಟರಿ ಬೆಳಕು ಬಿಡ್ರಿ. ಒಣಾ ಮಸಿ ಇರಬೇಕು. ಹಸಿ ಇದ್ರ, ಮಸಿ ತೊಳದು ತಗಡು ಕಂಡ್ರ ಸಿಕ್ಕತಂತ ತಿಳೀರಿ. ಕೂಲಂಟ್ ಬಾಟ್ಲಿಗೆ ಪ್ರೆಶರ್ ಪಂಪ್ ಹಚ್ಚಿ ಮುಚ್ಚಳದ ಮ್ಯಾಲ ಬರದಷ್ಟ ಒತ್ತಡ ಕೊಡ್ರಿ, ಅದಕ್ಕಿಂತ ಹೆಚ್ಚ ಬ್ಯಾಡ. ಪೂರಾ ಥಂಡಿ ಇದ್ದಾಗ ಕ್ರ್ಯಾಕ್ ಕೂಡಿಕೊಂಡಿರಬಹುದು, ಅದಕ್ಕ ಬೆಚ್ಚಗ ಇದ್ದಾಗ ನೋಡ್ರಿ. ಕುದಿಯೂವಾಗ ಮಾತ್ರ ಮುಚ್ಚಳ ಮುಟ್ಟಬ್ಯಾಡ್ರಿ, ನಮ್ಮ ಹುಡುಗನ ಮುಂಗೈ ಮ್ಯಾಲ ಕಲಿ ಇನ್ನೂ ಐತಿ.

ಬಾಗೇವಾಡಿ ಕಾಯಿಪಲ್ಲೆ ಗಾಡಿ:
ಮ್ಯಾಟ್ ಒಣಾ ಐತ್ರೀ, ಮುಚ್ಚಳ ಹೊಸಾದು ಹಾಕೀನಿ, ಆದ್ರೂ ಇಳೀತು. ಕೂಲರ್ ಹೋಗಿದ್ರ ಇನ್ನೊಂದ ಹದಿನೈದ ದಿನ ಕೂಲಂಟ್ ಹಾಕೋತ ಓಡಿಸಬಹುದೇನ್ರೀ ಮಿಸ್ತ್ರಿ? ಲಗ್ನದ ಸೀಸನ್ ಐತಿ.

ಜಮಖಂಡಿ ಮಿಸ್ತ್ರಿ:
ಬ್ಯಾಡ. ಜಿನಗೂದು ಒಂದ ರಾತ್ರಿ ಸುರಿಯಾಕ ಹತ್ತಿದ್ರ ಸಿಲಿಂಡರಿಗೆ ಇಳಿತೈತಿ. ಗಾಳಿ ಅದುಮಿದಂಗ ನೀರು ಅದುಮಾಕ ಬರೂದಿಲ್ಲ. ಸೆಲ್ಫ್ ಹೊಡದ್ರಿ ಅಂದ್ರ ಪಿಸ್ಟನ್ ಹಿಡದ ಕನೆಕ್ಟಿಂಗ್ ರಾಡ್ ಬಗ್ಗತೈತಿ. ಆವಾಗ ಹೆಡ್ ಅಷ್ಟ ಅಲ್ಲ, ಪೂರಾ ಎಂಜಿನ್ ಬಿಚ್ಚಬೇಕು.

ಬಾಗೇವಾಡಿ ಕಾಯಿಪಲ್ಲೆ ಗಾಡಿ:
ಮೂರ ವಾರ ಆದ ಮ್ಯಾಲ ಬರಿಯಾಕತ್ತೇನಿ, ತಡಾ ಆತು. ಗ್ಯಾರೇಜಿನ್ಯಾಂವ ಒಲ್ಲೆ ಒಲ್ಲೆ ಅಂತನ ಪೈಪ್ ಬಿಚ್ಚಿದ. ಅರ್ಧಾ ಕರಿ ಮಸಿ, ಅರ್ಧಾ ಬೂದಿ ಹಚ್ಚಿ ತಿಕ್ಕಿದ ತಾಟಿನಂಗ ಹೊಳಿಯಾಕತ್ತಿತ್ತು. ಪಂಪ್ ಹಚ್ಚಿ ಇಪ್ಪತ್ತ ನಿಮಿಷಕ್ಕ ತಗಡಿನ ಅಂಚಿಗೆ ಒಂದ ಹನಿ ಕೂಡಿತು. ಅವನೂ ಬಗ್ಗಿ ನೋಡಿದ, ಏನೂ ಅನಲಿಲ್ಲ.

ಕೂಲರ್ ಹೊಸಾದು, ಅದರ ಗ್ಯಾಸ್ಕೆಟ್ ಹೊಸಾವು. ಕೂಲಂಟ್ ಅರ್ಧಾ, ಡಿಸ್ಟಿಲ್ಡ್ ವಾಟರ್ ಅರ್ಧಾ. ಮರುದಿನ ಮತ್ತ ಎರಡ ಬೆರಳು ಇಳದಿತ್ತು, ನನ್ನ ಜೀವಾ ಬಾಯಿಗೆ ಬಂತು. ಒಳಗಿನ ಗಾಳಿ ಹೊರಗ ಬಿದ್ದದ್ದಂತ. ಆವಾಗಿಂದ ಎಂಟ ಟ್ರಿಪ್ ಆತು, ಗೆರಿ ಬಿಟ್ಟು ಅಳ್ಳಾಡಿಲ್ಲ.

ಇಂಡಿ ನಿಂಬಿಹಣ್ಣು:
ಎಷ್ಟಾತ್ರೀ ಅಣ್ಣಾ ಎಲ್ಲಾ ಸೇರಿ?

ಬಾಗೇವಾಡಿ ಕಾಯಿಪಲ್ಲೆ ಗಾಡಿ:
ಗಾಡಿದು ಒಂದ ತಿಂಗಳ ಕಂತು ಹೋತಂತ ತಿಳಿ ತಮ್ಮಾ. ಹಳೇ ಕೂಲರ್ ಮನ್ಯಾಗ ಇಟ್ಟೇನಿ, ನೋಡೂದಿದ್ರ ಬಾ. ಅರಿಷಿಣ ತರಬ್ಯಾಡ.