ಅಮೆಚೂರ್‌ನಿಂದ ಪ್ರೊಗೆ (ವೃತ್ತಿಪರ ಬಾಕ್ಸಿಂಗ್‌ಗೆ): ಮಹಿಳಾ ಬಾಕ್ಸರ್ ಸಹಿ ಹಾಕುವ ಮುನ್ನ ಏನೇನು ನೋಡಬೇಕು?

ಕಾರ್ನರ್‌ಸ್ಟೂಲ್ ಕೇಳಿದ್ದು:

ನಮ್ಮ ಹುಡುಗಿ, 22 ವರ್ಷದ ಬಾಕ್ಸರ್. ಅಮೆಚೂರ್‌ನಲ್ಲಿ 60 ಕೆಜಿ ವಿಭಾಗ, ನಲವತ್ತಕ್ಕೂ ಹೆಚ್ಚು ಬೌಟ್ (ಪಂದ್ಯ) ಆಡಿದ್ದಾಳೆ. ಕ್ಯಾಂಪ್ (ಬೌಟ್‌ಗೆ ಮುಂಚಿನ ತಾಲೀಮು) ಇಲ್ಲದ ದಿನಗಳಲ್ಲಿ ಬೆಳಗಿನ ತೂಕ 63.5 ಕೆಜಿ. ದೂರದಿಂದ ಜ್ಯಾಬ್ (ಮುಂದಿನ ಕೈಯ ನೇರ ಏಟು) ಹಾಕುತ್ತಾ ಆಡುವ ಶೈಲಿ, ಶುರುವಿನಲ್ಲಿ ಸ್ವಲ್ಪ ನಿಧಾನ. ಪ್ರಮೋಟರ್ (ಬೌಟ್ ಏರ್ಪಡಿಸುವವರು) ಒಬ್ಬರು ಮೂರು ವರ್ಷದ ಒಪ್ಪಂದ ಮುಂದಿಟ್ಟಿದ್ದಾರೆ. ನನ್ನ ಪ್ರಶ್ನೆಗಳು ಮೂರು. ಆಟದಲ್ಲಿ ಮೊದಲು ಏನು ತಿದ್ದಬೇಕು? ಪ್ರೊನಲ್ಲಿ 59 ಕೆಜಿ ವಿಭಾಗಕ್ಕೆ ಇಳಿಸಬೇಕೋ, 61.2ರ ವಿಭಾಗದಲ್ಲೇ ಇರಬೇಕೋ? ಒಪ್ಪಂದದಲ್ಲಿ ಯಾವ ಸಾಲುಗಳ ಮೇಲೆ ಕಣ್ಣಿಡಬೇಕು?

ಎರಡುನಿಮಿಷ:

ಮೊದಲನೆಯದಕ್ಕೆ ಉತ್ತರಿಸುತ್ತೇನೆ. ನೀವು ಬರೆದ "ಶುರುವಿನಲ್ಲಿ ಸ್ವಲ್ಪ ನಿಧಾನ" ಅನ್ನುವುದೇ ಪ್ರೊನಲ್ಲಿ ದೊಡ್ಡ ತೊಂದರೆ ಆಗುತ್ತದೆ.

ಈಗ ಅವಳು ಆಡುವುದು ಮೂರು ನಿಮಿಷದ ಮೂರು ರೌಂಡ್. ಮಹಿಳಾ ಪ್ರೊ ಬಾಕ್ಸಿಂಗ್‌ನಲ್ಲಿ ರೌಂಡ್ ಎರಡೇ ನಿಮಿಷ. ಹೊಸಬರಿಗೆ ನಾಲ್ಕು ರೌಂಡ್, ಆಮೇಲೆ ಆರು, ಎಂಟು, ಪ್ರಶಸ್ತಿ ಬೌಟ್‌ಗೆ ಹತ್ತು. ಅಂದರೆ ಮೊದಲ ಪ್ರೊ ಬೌಟ್‌ನ ಒಟ್ಟು ಆಟ 8 ನಿಮಿಷ, ಈಗಿನ 9 ನಿಮಿಷಕ್ಕಿಂತಲೂ ಕಡಿಮೆ. ದಮ್ಮು ಸಾಕಾಗುವುದಿಲ್ಲ ಎಂಬ ಭಯ ಬೇಡ. ಲೆಕ್ಕ ಇರುವುದು ಬೇರೆ ಕಡೆ. ಎದುರಾಳಿಯನ್ನು ಅಳೆಯಲು ಅವಳು 30 ಸೆಕೆಂಡು ತೆಗೆದುಕೊಂಡರೆ ಮೂರು ನಿಮಿಷದ ರೌಂಡಿನಲ್ಲಿ ಹೋಗುವುದು ಆರನೇ ಒಂದು ಭಾಗ; ಎರಡು ನಿಮಿಷದಲ್ಲಿ ಕಾಲು ಭಾಗ. ನಾಲ್ಕೇ ರೌಂಡ್ ಇರುವಾಗ ಮೊದಲನೆಯದನ್ನು ಹೀಗೆ ಬಿಟ್ಟುಕೊಟ್ಟರೆ ಉಳಿದ ಮೂರರಲ್ಲಿ ಎರಡು ಗೆದ್ದರೂ ಸಿಗುವುದು ಡ್ರಾ ಮಾತ್ರ.

ತಿದ್ದುವ ಬಗೆ: ಪ್ಯಾಡ್ ಕೆಲಸವನ್ನು (ಕೋಚ್ ಹಿಡಿದ ಮೆತ್ತೆಗೆ ಹೊಡೆಯುವ ಅಭ್ಯಾಸ) 2 ನಿಮಿಷ ಆಟ, 30 ಸೆಕೆಂಡು ವಿರಾಮಕ್ಕೆ ತನ್ನಿ. ಗಂಟೆ ಬಾರಿಸಿದ ಮೊದಲ 10 ಸೆಕೆಂಡಿನಲ್ಲಿ ಜೋಡಿ ಜ್ಯಾಬ್, ಅದರ ಹಿಂದೆ ಹೊಟ್ಟೆಗೆ ನೇರ ಬಲಗೈ, ಕೋನ ಬದಲಿಸಿ ಹೊರಗೆ. ಪ್ರತಿ ರೌಂಡ್ ಹೀಗೆಯೇ ಶುರುವಾಗಲಿ. ಕೊನೆಯ 20 ಸೆಕೆಂಡಿಗೆ ಕಾರ್ನರ್‌ನಿಂದ (ರಿಂಗ್ ಮೂಲೆಯಲ್ಲಿರುವ ನಿಮ್ಮ ಕಡೆಯವರಿಂದ) ಒಂದೇ ಪದದ ಕೂಗು ಇರಲಿ, ಅದು ಕಿವಿಗೆ ಬಿದ್ದೊಡನೆ ನಾಲ್ಕೈದು ಪಂಚ್‌ಗಳ ಜೋಡಣೆ ಬರಬೇಕು. ಸ್ಪಾರಿಂಗ್ (ಜೊತೆಗಾರರ ಎದುರು ಅಭ್ಯಾಸದ ಆಟ) ಮಾತ್ರ ಮೂರು ನಿಮಿಷದ್ದೇ ಇರಲಿ, ದಮ್ಮು ಕಾಯುವುದು ಅದೇ.

ಎರಡು ನಿಮಿಷ ಸಾಲದು, ಏಟು ತಿಂದು ತೂರಾಡುವ ಎದುರಾಳಿಯನ್ನು ಗಂಟೆಯೇ ಕಾಪಾಡುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 2023ರ ಅಕ್ಟೋಬರ್‌ನಲ್ಲಿ ವಿಶ್ವ ಚಾಂಪಿಯನ್ ಅಮಾಂಡಾ ಸೆರಾನೊ, ಡನಿಲಾ ರಾಮೋಸ್ ವಿರುದ್ಧ ಮೂರು ನಿಮಿಷದ ಹನ್ನೆರಡು ರೌಂಡ್ ಆಡಿ ಗೆದ್ದರು. ವಿಶ್ವ ಪ್ರಶಸ್ತಿ ಕೊಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿ ಅದಕ್ಕೆ ಮಾನ್ಯತೆ ಕೊಡಲಿಲ್ಲ. ಸೆರಾನೊ ಆ ಸಂಸ್ಥೆಯ ಬೆಲ್ಟನ್ನೇ (ಪ್ರಶಸ್ತಿಯನ್ನೇ) ಬಿಟ್ಟುಕೊಟ್ಟರು. ಆದರೆ ನಿಮ್ಮ ಹುಡುಗಿ ಸದ್ಯ ಆಡುವುದು ಎರಡು ನಿಮಿಷವೇ, ತಯಾರಿಯೂ ಅದಕ್ಕೇ ಇರಲಿ.

ತಕ್ಕಡಿ:

61.2ರಲ್ಲೇ ಇರಿ. 63.5ರಿಂದ 61.2 ಅಂದರೆ 2.3 ಕೆಜಿ, ಶೇಕಡಾ 3.6. 59ಕ್ಕೆ ಇಳಿಸಿದರೆ 4.5 ಕೆಜಿ, ಶೇಕಡಾ 7ಕ್ಕೂ ಮೇಲೆ. ಮೊದಲನೆಯದು ಉಪ್ಪು ಮತ್ತು ನಾರಿನ ಆಹಾರ ಎರಡು ಮೂರು ದಿನ ಕಡಿಮೆ ಮಾಡಿ, ಕೊನೆಯ ರಾತ್ರಿ ನೀರು ಕಡಿತಗೊಳಿಸಿದರೆ ಇಳಿಯುವಂಥದ್ದು. ಎರಡನೆಯದಕ್ಕೆ ಬಿಸಿನೀರಿನ ತೊಟ್ಟಿ, ಬೆವರಿನ ಸೂಟು ಬೇಕೇ ಬೇಕು.

ಗಂಡಸರ ಚಾರ್ಟ್ ಹಿಡಿದು ತೂಕ ಇಳಿಸುವ ಕೋಚ್‌ಗಳು ಎಡವುವುದು ಇಲ್ಲಿಯೇ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕೆಲವರಲ್ಲಿ ಒಂದು ಕೆಜಿ, ಇನ್ನು ಕೆಲವರಲ್ಲಿ ಅದಕ್ಕಿಂತ ಹೆಚ್ಚು. ತೂಕದ ದಿನ ಆ ವಾರದಲ್ಲೇ ಬಿದ್ದು 1.2 ಕೆಜಿ ಸೇರಿಕೊಂಡರೆ ಇಳಿಸಬೇಕಾದದ್ದು 3.5 ಆಗುತ್ತದೆ. ಊಟ ಅದೇ, ಓಟ ಅದೇ, ಆದರೂ ಮುಳ್ಳು ಅಲ್ಲಾಡುವುದಿಲ್ಲ. ಆಗ ಗಾಬರಿಯಲ್ಲಿ ನೀರು ಪೂರ್ತಿ ನಿಲ್ಲಿಸುತ್ತಾರೆ. ಹಾಗಾಗದಿರಲು ಮೂರು ತಿಂಗಳು ದಿನಾ ಬೆಳಿಗ್ಗೆ, ಮೂತ್ರಕ್ಕೆ ಹೋಗಿಬಂದ ಮೇಲೆ, ಒಂದೇ ತಕ್ಕಡಿಯಲ್ಲಿ ತೂಕ ಬರೆದಿಡಿ. ಪಕ್ಕದಲ್ಲಿ ಮುಟ್ಟಿನ ದಿನ ಗುರುತಿಸಿ. ಅವಳ ಅಂಕಿ ಎಷ್ಟೆಂದು ನಿಮಗೇ ತಿಳಿಯುತ್ತದೆ. ಮೂರು ತಿಂಗಳು ಮುಟ್ಟು ನಿಂತರೆ "ತಾಲೀಮು ಜೋರಾಗಿದೆ" ಎಂದು ಸುಮ್ಮನಾಗಬೇಡಿ. ಸುಡುವಷ್ಟು ತಿನ್ನುತ್ತಿಲ್ಲ ಎಂಬುದರ ಲಕ್ಷಣ ಅದಾಗಿರಬಹುದು. ಮೂಳೆ ಸೊರಗಿ, ಓಡುವ ಕಾಲಿನಲ್ಲಿ ಸಣ್ಣ ಬಿರುಕು ಬರಬಹುದು. ವೈದ್ಯರಲ್ಲಿಗೆ ಹೋಗಲೇಬೇಕು. ರಕ್ತದಲ್ಲಿ ಕಬ್ಬಿಣದ ಅಂಶವನ್ನೂ ನೋಡಿಸಿ.

ಪ್ರೊನಲ್ಲಿ ತೂಕ ನೋಡುವುದು ಸಾಮಾನ್ಯವಾಗಿ ಬೌಟ್‌ನ ಹಿಂದಿನ ದಿನ. ತಕ್ಕಡಿಯಿಂದ ಇಳಿದೊಡನೆ ಉಪ್ಪು-ಸಕ್ಕರೆ ಬೆರೆಸಿದ ನೀರು ಅರ್ಧ ಲೀಟರ್, ನಿಧಾನವಾಗಿ. ಆಮೇಲೆ 15-20 ನಿಮಿಷಕ್ಕೊಮ್ಮೆ ಒಂದು ಲೋಟ. ಕಳೆದುಕೊಂಡದ್ದು ಎರಡು ಕೆಜಿ ಆದರೆ ಮಲಗುವುದರೊಳಗೆ ಮೂರು ಲೀಟರ್ ಒಳಗೆ ಹೋಗಿರಬೇಕು. ಬರೀ ನೀರು ಗಟಗಟ ಕುಡಿದರೆ ಮೂತ್ರವಾಗಿ ಹೋಗುತ್ತದೆ, ಹೊಟ್ಟೆ ಉಬ್ಬುತ್ತದೆ. ಡ್ರಿಪ್ ಹಾಕಿಸುವ ಯೋಚನೆ ಬೇಡ: ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮದಲ್ಲಿ 12 ಗಂಟೆಗೆ 100 ಮಿಲಿಗಿಂತ ಹೆಚ್ಚು ನಿಷಿದ್ಧ. ಮೂತ್ರ ಹೆಚ್ಚಿಸುವ ಮಾತ್ರೆಯೂ ನಿಷಿದ್ಧವೇ.

ಕಾರ್ನರ್‌ಸ್ಟೂಲ್:

ತುಂಬಾ ಉಪಯೋಗವಾಯಿತು, ಇಬ್ಬರಿಗೂ ಧನ್ಯವಾದ. ಗ್ಲವ್ಸ್ ಬಗ್ಗೆಯೂ ಹೇಳಿ. ಇಲ್ಲಿಯವರೆಗೆ 10 ಔನ್ಸ್, ಈಗ 8 ಅಂತೆ. ಕೈಗೆ ಕಟ್ಟುವುದರಲ್ಲಿ ವ್ಯತ್ಯಾಸ ಇದೆಯೇ?

ಗೆಣ್ಣು:

ಬಹಳ ಇದೆ. ಅಮೆಚೂರ್‌ನಲ್ಲಿ ಸಾಮಾನ್ಯವಾಗಿ ಬಟ್ಟೆಯ ಪಟ್ಟಿ, ಪ್ರೊನಲ್ಲಿ ಗಾಜ್ (ತೆಳು ಜಾಳಿಗೆ ಬಟ್ಟೆ) ಬ್ಯಾಂಡೇಜ್ ಮತ್ತು ಟೇಪ್. ಕಟ್ಟುವಾಗ ಎದುರಾಳಿಯ ಕಡೆಯವರೊಬ್ಬರು ನಿಂತು ನೋಡುತ್ತಾರೆ, ಮುಗಿದ ಮೇಲೆ ಅಧಿಕಾರಿ ಟೇಪಿನ ಮೇಲೆ ಸಹಿ ಮಾಡುತ್ತಾರೆ. ಎಷ್ಟು ಉದ್ದ ಗಾಜ್, ಎಷ್ಟು ಟೇಪ್ ಎನ್ನುವುದು ಬೌಟ್‌ಗೆ ಅನುಮತಿ ಕೊಡುವ ಆಯಾ ಆಯೋಗದ ನಿಯಮ. ಮುಂಚೆಯೇ ಕೇಳಿ ಬರೆದುಕೊಳ್ಳಿ.

ಕಟ್ಟುವ ಹೊತ್ತಿಗೆ ಬೆರಳುಗಳು ಪೂರ್ತಿ ಅಗಲಿಸಿರಬೇಕು, ಕೈ ಕುರ್ಚಿಯ ಬೆನ್ನಿನ ಮೇಲೆ ಆನಿಸಿರಬೇಕು. ಕೈ ಸಡಿಲ ಬಿಟ್ಟು ಕಟ್ಟಿದರೆ ಮುಷ್ಟಿ ಹಿಡಿದಾಗ ಬಿಗಿದು ಎರಡನೇ ರೌಂಡಿಗೇ ಬೆರಳು ಜೋಮು ಹಿಡಿಯುತ್ತದೆ. ಮೊದಲು ಮಣಿಕಟ್ಟಿಗೆ ಮೂರು ಸುತ್ತು, ಹೆಬ್ಬೆರಳಿನ ಬುಡ ದಾಟಿ ಅಂಗೈಗೆ. ನಂತರ ಗಾಜನ್ನು ಎಂಟು ಹತ್ತು ಪದರ ಮಡಿಸಿ ನಾಲ್ಕೂ ಗೆಣ್ಣುಗಳ ಮೇಲೆ ದಿಂಬಿನಂತೆ ಇಟ್ಟು ಅದರ ಮೇಲೆ ಸುತ್ತು. ಬೆರಳ ಸಂದಿಗಳಲ್ಲಿ ಸಣ್ಣಗೆ ಹೊಸೆದ ಟೇಪ್, ದಿಂಬು ಜಾರದಂತೆ. ಗೆಣ್ಣಿನ ಮೇಲೆ ಮಾತ್ರ ಟೇಪ್ ಬರಕೂಡದು. ಬಂದರೆ ಬಿಚ್ಚಿಸುತ್ತಾರೆ, ಬೆಚ್ಚಗಾಗಿದ್ದ ಮೈ ಆರಿಹೋಗುತ್ತದೆ. ಕೊನೆಗೆ ಐದು ಸಲ ಮುಷ್ಟಿ ಮಾಡಿಸಿ, ಉಗುರಿನ ಬುಡ ಒತ್ತಿ ಬಿಡಿ. ಬಿಳಿಚಿದ್ದು ತಕ್ಷಣ ಕೆಂಪಾಗದಿದ್ದರೆ ಬಿಗಿ ಹೆಚ್ಚಾಗಿದೆ.

ಸಣ್ಣ ಕೈಯವರಿಗೆ ಇನ್ನೊಂದು ತೊಂದರೆ: ಅದೇ 8 ಔನ್ಸ್ ಗ್ಲವ್ ಒಳಗಡೆ ದೊಗಳೆಯಾಗಿ, ಹುಕ್ (ಪಕ್ಕದಿಂದ ಬಾಗಿ ಬರುವ ಏಟು) ಬೀಳುವಾಗ ಮುಷ್ಟಿ ಹೊರಳಿ ಕಿರುಬೆರಳ ಕಡೆಯ ಮೂಳೆ ಮುರಿಯಬಹುದು. ತೂಕದ ದಿನವೇ ಗ್ಲವ್ ಹಾಕಿಸಿ ನೋಡಿ. ಹೆಡ್‌ಗಾರ್ಡ್ ಇರುವುದಿಲ್ಲ, ಆದ್ದರಿಂದ ಕೂದಲನ್ನು ತಲೆಗೆ ಅಂಟಿದಂತೆ ಬಿಗಿ ಜಡೆ ಹೆಣೆಯಿರಿ. ಲೋಹದ ಪಿನ್ ಬಿಡುವುದಿಲ್ಲ. ಜಡೆ ಬಿಚ್ಚಿ ಕಣ್ಣಿಗೆ ಬಿದ್ದರೆ ಅದನ್ನು ಸರಿಸಲು ಕೈ ಮೇಲೇಳುತ್ತದೆ, ಪಕ್ಕೆ ಬಯಲಾಗುತ್ತದೆ.

ಸಣ್ಣಕ್ಷರ:

ಒಪ್ಪಂದಕ್ಕೆ ಬರೋಣ. ಪ್ರಮೋಟರ್ ಬೇರೆ, ಮ್ಯಾನೇಜರ್ ಬೇರೆ. ಪ್ರಮೋಟರ್ ಕಡಿಮೆ ಕೊಡಲು ನೋಡುತ್ತಾರೆ, ಹೆಚ್ಚು ಕೇಳುವುದು ಮ್ಯಾನೇಜರ್ ಕೆಲಸ. ಇಬ್ಬರೂ ಒಬ್ಬರೇ ಆದರೆ ಬಾಕ್ಸರ್ ಪರ ಕೇಳುವವರೇ ಇಲ್ಲ. ಅಮೆರಿಕದಲ್ಲಿ 2000ದ ಮುಹಮ್ಮದ್ ಅಲಿ ಕಾಯ್ದೆ ಇದನ್ನು ತಡೆಯಲೆಂದೇ ಬಂದಿತು.

"ಮೂರು ವರ್ಷ" ಅನ್ನುವುದಕ್ಕಿಂತ ವರ್ಷಕ್ಕೆ ಎಷ್ಟು ಬೌಟ್ ಖಾತ್ರಿ ಎನ್ನುವುದು ಮುಖ್ಯ. ಸಂಖ್ಯೆ ಬರೆದಿಲ್ಲದಿದ್ದರೆ ಅವಳು ಮೂರು ವರ್ಷ ಕಾಯುತ್ತಾ ಕೂರಬಹುದು. ಕನಿಷ್ಠ ನಾಲ್ಕು ಇರಲಿ. ಕೊಡದಿದ್ದರೆ ಪರಿಹಾರ ಅಥವಾ ಬಿಡುಗಡೆ ಎಂದು ಬರೆಸಿ. ಗಾಯ ಮತ್ತು ಬಸಿರಿನ ಕಾಲ ಹೇಗೆ ಲೆಕ್ಕ ಎಂಬುದೂ ಬರವಣಿಗೆಯಲ್ಲಿರಬೇಕು. ಗಂಡಸರ ಒಪ್ಪಂದದ ನಕಲಿನಲ್ಲಿ ಬಸಿರಿನ ಮಾತೇ ಇರುವುದಿಲ್ಲ, ಆಗ ಅದನ್ನು "ಲಭ್ಯವಿಲ್ಲ" ಎಂಬ ಉಲ್ಲಂಘನೆಯಾಗಿ ಓದುವ ಅಪಾಯವಿದೆ.

ಹಣದ ಲೆಕ್ಕ: ಪರ್ಸ್ (ಒಂದು ಬೌಟ್‌ಗೆ ಸಿಗುವ ಹಣ) 100 ಅಂದುಕೊಳ್ಳಿ. ಮ್ಯಾನೇಜರ್ 25, ಕೋಚ್ 10, ಕಟ್‌ಮನ್ (ರೌಂಡ್‌ಗಳ ನಡುವೆ ಗಾಯದ ರಕ್ತ ನಿಲ್ಲಿಸುವವರು) 2 ಹೋದರೆ 63. ಪ್ರಶಸ್ತಿ ಬೌಟ್ ಆದರೆ ಸಂಸ್ಥೆಯ ಶುಲ್ಕ ಬೇರೆ. ತಲೆಯ ಸ್ಕ್ಯಾನ್, ಕಣ್ಣಿನ ಪರೀಕ್ಷೆ, ಎಚ್‌ಐವಿ ಮತ್ತು ಹೆಪಟೈಟಿಸ್ ರಕ್ತಪರೀಕ್ಷೆ, ಗರ್ಭಪರೀಕ್ಷೆ, ಲೈಸೆನ್ಸ್, ಸ್ಪಾರಿಂಗ್ ಜೊತೆಗಾರರು, ಪ್ರಯಾಣ ಯಾರ ಖರ್ಚು? ಬರೆದಿಲ್ಲ ಅಂದರೆ ಆ 63ರಲ್ಲೇ.

ನನ್ನ ಸಲಹೆ, ಅವಸರ ಬೇಡ. ಮೊದಲ ಹತ್ತು ಬೌಟ್ ನಿಧಾನವಾಗಿ ಕಟ್ಟಿ.

ಎರಡುನಿಮಿಷ:

ಒಪ್ಪಂದದ ವಿಷಯ ಅಷ್ಟೂ ಸರಿ. ಕೊನೆಯ ಮಾತನ್ನು ಒಪ್ಪಲಾರೆ. ಮಹಿಳೆಯರ ವಿಭಾಗಗಳಲ್ಲಿ ಅಷ್ಟು ಜನವೇ ಇಲ್ಲ. ಹತ್ತು ಮೆಟ್ಟಿಲು ಎಣಿಸಿ ಹತ್ತಲು ಎದುರಾಳಿಗಳು ಸಿಗುವುದಿಲ್ಲ. ಕ್ಲಾರೆಸ್ಸಾ ಶೀಲ್ಡ್ಸ್ 2016ರ ನವೆಂಬರ್‌ನಲ್ಲಿ ಪ್ರೊ ಆಗಿ 2017ರ ಆಗಸ್ಟ್‌ನಲ್ಲಿ, ನಾಲ್ಕನೇ ಬೌಟ್‌ನಲ್ಲೇ ವಿಶ್ವ ಪ್ರಶಸ್ತಿ ಗೆದ್ದರು. ಕೇಟಿ ಟೇಲರ್‌ಗೆ ಬೇಕಾದದ್ದು ಏಳು. ಇಬ್ಬರೂ ಒಲಿಂಪಿಕ್ ಚಿನ್ನದ ನಂತರ ಬಂದವರು, ನಿಜ. ಆದರೆ ನಲವತ್ತು ಬೌಟ್ ಆಡಿದವಳನ್ನು ಸೋಲಲೆಂದೇ ಬರುವವರ ಎದುರು ಹತ್ತು ಸಲ ನಿಲ್ಲಿಸಿದರೆ ಕಲಿಯುವುದೇನು? ನಾಲ್ಕು ರೌಂಡಿನ ಬೌಟ್ ಮೂರು, ಆರು ರೌಂಡಿನವು ಎರಡು, ಅಷ್ಟರಲ್ಲಿ ಒಬ್ಬಳು ಎಡಗೈ ಬಾಕ್ಸರ್, ಒಬ್ಬಳು ಮೈಮೇಲೆ ಬೀಳುವವಳು ಸಿಗಲಿ. ಆಮೇಲೆ ಎಂಟು ರೌಂಡ್.

ಸಣ್ಣಕ್ಷರ:

ಆ ಐದು ಬೌಟ್ ಒಂದೂವರೆ ವರ್ಷದಲ್ಲಿ ಆಗುವುದಾದರೆ ನನ್ನದೂ ಒಪ್ಪಿಗೆ. ಒಂದು ಸಾಲು ಮಾತ್ರ ಸೇರಿಸಿ: ಎದುರಾಳಿ ಕೊನೆಯ ಗಳಿಗೆಯಲ್ಲಿ ಬದಲಾದರೆ, ಬದಲಿ ಬಾಕ್ಸರ್‌ನ ತೂಕ 62.5 ದಾಟಿದಲ್ಲಿ ಅವಳು ಇಲ್ಲ ಎನ್ನಬಹುದು, ಕ್ಯಾಂಪ್ ಖರ್ಚು ಪ್ರಮೋಟರ್‌ದು. ಜನ ಕಡಿಮೆ ಇರುವ ವಿಭಾಗದಲ್ಲಿ ಬದಲಿಯಾಗಿ ಬರುವುದು ಬಹಳ ಸಲ ಮೇಲಿನ ತೂಕದವರು. ರಿಂಗ್‌ಗೆ ಎರಡು ದಿನ ಇರುವಾಗ ಇಲ್ಲ ಅನ್ನಲು ಇಪ್ಪತ್ತೆರಡರ ಹುಡುಗಿಗೆ ಕಷ್ಟ. ಕಾಗದದಲ್ಲಿ ಮೊದಲೇ ಇದ್ದರೆ ಅವಳ ಪರವಾಗಿ ನೀವು ಹೇಳಬಹುದು.