ಮಸಾಯಿಗಳ ಹಾಲಿನ ಸೋರೆಬುರುಡೆ: ಹಾಲು ಉಳಿಯುವುದು ಹೊಗೆಯಿಂದಲೋ ಹುಳಿಯಿಂದಲೋ?

ಬಯಲುಗಾವಲು ಕೇಳಿದ್ದು:
ಕೀನ್ಯಾ ಮತ್ತು ತಾಂಜಾನಿಯಾದ ದನಗಾಹಿ ಮಸಾಯಿ ಜನರ ಹೆಂಗಸರು ಹಾಲು ತುಂಬುವ ಮೊದಲು ಸೋರೆಬುರುಡೆಯೊಳಗೆ ಉರಿದ ಕೊಳ್ಳಿ ತೂರಿಸಿ ಉಜ್ಜುತ್ತಾರೆ. ತೊಳೆಯಲು ನೀರು ಕಡಿಮೆ ಇರುವುದಕ್ಕೆ ಹೀಗೆ ಅಂತ ಕೆಲವರು, ರುಚಿಗೆ ಅಂತ ಕೆಲವರು ಬರೆದಿದ್ದಾರೆ. ಫ್ರಿಜ್ ಇಲ್ಲದೆ ಹಾಲು ದಿನಗಟ್ಟಲೆ ಉಳಿಯುವುದು ಈ ಹೊಗೆಯಿಂದಲೇ? ಯಾವ ಮರ, ಯಾವ ಕ್ರಮ, ಎಲ್ಲಿ ಕೆಡುತ್ತದೆ? ಇದನ್ನೇ ಮುರ್ಸಿಕ್ ಅನ್ನುತ್ತಾರೆಯೇ?

ಕೆಂಡಸಂಪಿಗೆ:
ಕೊನೆಯದಕ್ಕೆ ಮೊದಲು ಉತ್ತರ: ಅಲ್ಲ. ಮುರ್ಸಿಕ್ ಪಶ್ಚಿಮ ಕೀನ್ಯಾದ ಕಲೆಂಜಿನ್ ಜನರ ಹುಳಿಹಾಲು. ಅವರು ಹೆಚ್ಚಾಗಿ ಸೆನೆತ್ವೆತ್ ಎಂಬ ಗಿಡದ ಕೊಳ್ಳಿ ಬಳಸುತ್ತಾರೆ, ಇದ್ದಿಲ ಪುಡಿಯನ್ನು ಬುರುಡೆಯೊಳಗೇ ಉಳಿಸುತ್ತಾರೆ. ಹಾಗಾಗಿ ಮೊಸರಿಗೆ ಬೂದು ನೀಲಿ ಬಣ್ಣ ಬರುತ್ತದೆ. ಮಸಾಯಿಗಳ ಹುಳಿಹಾಲಿಗೆ ಅವರ ಮಾ ಭಾಷೆಯಲ್ಲಿ ಕುಲೆ ನವೋತೊ ಎನ್ನುತ್ತಾರೆ. ಕುಲೆ ಎಂದರೆ ಹಾಲು. ಅದಕ್ಕೆ ಬಳಸುವ ಮರ ಒಲೊಯಿರಿಯೆನ್, ಅಂದರೆ ಆಫ್ರಿಕದ ಕಾಡು ಆಲಿವ್.

ಕ್ರಮ ಹೀಗೆ. ಬುರುಡೆಯನ್ನು ತೊಳೆದು ಪೂರ್ತಿ ಒಣಗಿಸಬೇಕು. ಬೆರಳು ದಪ್ಪದ ಒಣ ಕಡ್ಡಿಯ ತುದಿಗೆ ಬೆಂಕಿ ಹಿಡಿಸಿ, ಜ್ವಾಲೆ ಆರಿ ಕೆಂಡ ನಿಂತಾಗ ಒಳಗೆ ಹಾಕಿ, ಗೋಡೆಗೆ ಒತ್ತಿ ಸುತ್ತ ಉಜ್ಜಬೇಕು. ಕೆಂಡ ಆರಿದರೆ ಮತ್ತೆ ಹೊತ್ತಿಸಿ, ಹೊಗೆ ಒಳಗೆಲ್ಲ ತುಂಬುವವರೆಗೆ ಹೀಗೇ. ಆಮೇಲೆ ನಾರಿನ ಬ್ರಶ್‌ನಿಂದ ಪುಡಿ ಉದುರಿಸಿ ಹಾಲು ಹಾಕುವುದು.

ಕೆಡುವುದು ಬಹುಪಾಲು ತೇವದಿಂದಲೇ. ಒದ್ದೆ ಬುರುಡೆಗೆ ಕೊಳ್ಳಿ ಹಾಕಿದರೆ ಕೆಂಡ ಆರಿ ಮಸಿ ಅಂಟುತ್ತದೆ, ಹೊಗೆ ಹಿಡಿಯುವುದಿಲ್ಲ, ಅಲ್ಲೇ ಬೂಸ್ಟು ಏಳುತ್ತದೆ. ಹಸಿ ಕಡ್ಡಿಯಾದರೆ ಕಟುವಾದ ಹೊಗೆ, ಹಾಲಿಗೂ ಅದೇ ವಾಸನೆ. ಜ್ವಾಲೆ ಇರುವಾಗಲೇ ತೂರಿಸಿದರೆ ಒಳಗೋಡೆ ಸುಟ್ಟು ಬಿರುಕು ಬಿಡುತ್ತದೆ.

ಹೆಪ್ಪುಮಜ್ಜಿಗೆ:
ಹೊಗೆಗೇ ಎಲ್ಲ ಕೀರ್ತಿ ಕೊಡಬೇಡಿ. ಹೊಗೆಯಲ್ಲಿರುವ ಫೀನಾಲ್ ಎಂಬ ರಾಸಾಯನಿಕಗಳು ಒಳಗೋಡೆಯ ಕೆಟ್ಟ ಸೂಕ್ಷ್ಮಜೀವಿಗಳನ್ನು ಕುಗ್ಗಿಸುತ್ತವೆ, ಅಷ್ಟೇ. ಹಾಲನ್ನು ಕಾಯುವುದು ಹುಳಿ. ಬುರುಡೆಯ ಗೋಡೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಉಜ್ಜಿದರೂ ಅವುಗಳೊಳಗೆ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಉಳಿದುಕೊಂಡು ಮುಂದಿನ ಹಾಲಿಗೆ ಹೆಪ್ಪಾಗುತ್ತವೆ. ಹಾಲನ್ನು ಕಾಯಿಸುವುದಿಲ್ಲ, ಬಾಯಿ ಮುಚ್ಚಿ ಐದಾರು ದಿನ ಬಿಟ್ಟರೆ ಗಟ್ಟಿ ಮೊಸರು. ಕೆಳಗೆ ನಿಂತ ನೀರು ಬೇರೆ ಮಾಡಿ, ಅಲುಗಾಡಿಸಿ ಬಡಿಸುವುದು.

ಹೊಸ ಬುರುಡೆಯ ಕಥೆಯೇ ಬೇರೆ. ತಿರುಳು ಕೊಳೆಸಿ ತೆಗೆದ ಮೇಲೂ ಗೋಡೆಯಲ್ಲಿ ಕಹಿ ಇರುತ್ತದೆ. ಅದು ಸೋರೆಯ ಕುಕುರ್ಬಿಟಾಸಿನ್, ಹೆಚ್ಚಾದರೆ ವಾಂತಿಭೇದಿ. ಕಹಿ ಪೂರ್ತಿ ಹೋಗುವವರೆಗೆ ನೀರು ತುಂಬಿ ಚೆಲ್ಲುತ್ತಿರಬೇಕು. ಅವಸರ ಮಾಡಿದವರ ಹಾಲು ಕಹಿಯಾಗುವುದು ಇಲ್ಲೇ.

ಬಯಲುಗಾವಲು:
ಹಾಗಾದರೆ ಒಂದು ಬುರುಡೆ ತುಂಬಲು ಎಷ್ಟು ಹಸುಗಳ ಹಾಲು ಬೇಕು? ಈಗ ಪ್ಲಾಸ್ಟಿಕ್ ಕ್ಯಾನ್ ಬಂದಿದೆಯಲ್ಲ?

ಗೂಳಿಹೆಜ್ಜೆ:
ಅಲ್ಲಿಯ ಝೀಬು (ಡುಬ್ಬದ ತಳಿಯ) ಹಸು ಕರುವಿಗೂ ಉಣಿಸಬೇಕು, ಹಾಲೂ ಕೊಡಬೇಕು. ಹಾಗಾಗಿ ಒಂದು ಹಸುವಿನಿಂದ ದಿನಕ್ಕೆ ಸಿಗುವುದು ಒಂದೆರಡು ಲೀಟರ್, ಬರಗಾಲದಲ್ಲಿ ಇನ್ನೂ ಕಡಿಮೆ. ಬೆಳಗ್ಗೆ, ಸಂಜೆ ಹೆಂಗಸರು ಕರೆಯುತ್ತಾರೆ. ಮೊದಲು ಕರುವನ್ನು ಬಿಟ್ಟರೇ ಹಸು ಹಾಲು ಇಳಿಸುವುದು. ಮುಗಿದ ಮೇಲೂ ಕೆಚ್ಚಲಿನಲ್ಲಿ ಕರುವಿಗೆ ಉಳಿಸಲೇಬೇಕು. ಅದನ್ನೂ ಹಿಂಡಿಕೊಂಡರೆ ಕರು ಸೊರಗುತ್ತದೆ, ಕರು ಸತ್ತರೆ ತಾಯಿಯ ಹಾಲೂ ನಿಲ್ಲುತ್ತದೆ. ದೊಡ್ಡ ಬುರುಡೆ ತುಂಬಲು ಹಲವು ಹಸು ಬೇಕಾಗುವುದು ಅದಕ್ಕೇ.

ಪ್ಲಾಸ್ಟಿಕ್ ಕ್ಯಾನ್‌ಗೆ ಕೊಳ್ಳಿ ಹಾಕಿದರೆ ಕರಗುತ್ತದೆ. ಗೀರು ಬಿದ್ದ ಜಾಗದಲ್ಲಿ ಕೊಳೆ ಕೂತು ಸೋಪು ಹಾಕಿದರೂ ಹೋಗುವುದಿಲ್ಲ. ಮಾರುಕಟ್ಟೆಗೆ ಸಾಗಿಸಲು ಅಲ್ಯೂಮಿನಿಯಮ್ ಅಥವಾ ಸ್ಟೀಲ್ ಕ್ಯಾನ್ ಮೇಲು. ಹುಳಿಹಾಲಿಗೆ ಬುರುಡೆಯನ್ನೇ ಉಳಿಸಿಕೊಳ್ಳಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಿರುಕು ಬಿಟ್ಟ ಬುರುಡೆಯನ್ನು ಬಿಸಾಡುವುದಿಲ್ಲ, ತೊಗಲಿನಿಂದ ಹೊಲಿದು ಬಳಸುತ್ತಾರೆ.

ಹೆಪ್ಪುಮಜ್ಜಿಗೆ:
ಒಂದು ಎಚ್ಚರಿಕೆ ಸೇರಿಸುತ್ತೇನೆ. ಹುಳಿಯಾದ ಮಾತ್ರಕ್ಕೆ ಬ್ರುಸೆಲ್ಲಾ (ಹಸುಗಳಲ್ಲಿ ಗರ್ಭಪಾತ, ಮನುಷ್ಯರಲ್ಲಿ ಜ್ವರ ತರುವ ಬ್ಯಾಕ್ಟೀರಿಯಾ), ಕ್ಷಯದ ರೋಗಾಣು ಖಂಡಿತ ಸತ್ತವು ಅನ್ನುವಂತಿಲ್ಲ. ಹಿಂಡಿನಲ್ಲಿ ಗಬ್ಬ ಕಳೆದುಕೊಳ್ಳುವ ಹಸುಗಳಿದ್ದರಂತೂ ಹಾಲನ್ನು ಕುದಿಸಿ, ಆರಿಸಿ, ಕುದಿಸಿದ ಹಾಲಿನಿಂದಲೇ ಮಾಡಿದ ಮೊಸರಿನ ಒಂದು ಲೋಟ ಹೆಪ್ಪು ಹಾಕಿ ಹೊಗೆಬುರುಡೆಗೆ ಸುರಿಯುವುದು ಕ್ಷೇಮ. ರುಚಿ ಸ್ವಲ್ಪ ಬದಲಾಗುತ್ತದೆ, ಹೊಗೆಯ ಘಮ ಹಾಗೇ ಇರುತ್ತದೆ.